ನಾನು ನಿಲ್ಲಿಸಿದ ಆಟ

ಕಳೆದ ವಾರ ಯರಗಟ್ಟಿಯಲ್ಲಿ ನನ್ನ ಅಂಗಡಿಯ ಎದುರಿನ ಗೋಡೆಗೆ ಯಾವುದೋ ಜಾಹೀರಾತಿನ ಕಾಗದ ಅಂಟಿಸಲು ಇಬ್ಬರು ಬಂದಿದ್ದರು. ರಸ್ತೆಯ ಬದಿಗೆ ಮೂರು ಕಲ್ಲು ಹೂಡಿ, ಹಳೆಯ ಎಣ್ಣೆ ಡಬ್ಬಿಯಲ್ಲಿ ಮೈದಾ ಹಿಟ್ಟು ಕುದಿಸಿ ಅಂಟು ಮಾಡಿಕೊಳ್ಳುತ್ತಿದ್ದರು. ಬೆಂದ ಹಿಟ್ಟಿನ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ತಳ ಹಿಡಿದ ಕಮಟು... ಗಾಳಿಯ ಜೊತೆ ಒಳಗೆ ಬಂತು. ನಾನು ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರೊಂದನ್ನು ಬಿಚ್ಚಿಕೊಂಡು ಕೂತಿದ್ದೆ. ವಾರ್ನಿಷ್ ಮತ್ತು ಸುಟ್ಟ ತಾಮ್ರದ ನಾತದಲ್ಲಿ ಮೂವತ್ತು ವರ್ಷ ಕಳೆದವನ ಮೂಗಿಗೆ ಬೇರೆ ವಾಸನೆಗಳು ಸುಲಭಕ್ಕೆ ಹತ್ತುವುದಿಲ್ಲ. ಇದು ಹತ್ತಿತು. ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟೆ.

ನಮ್ಮೂರ ಕನ್ನಡ ಶಾಲೆಯ ಸಣ್ಣ ಇಯತ್ತೆಗಳ ಕೋಣೆ ಒಂದು ಕಾಲಕ್ಕೆ ದಿನವೂ ಹೀಗೇ ನಾರುತ್ತಿತ್ತು. ಅದು ಒಬ್ಬ ಅಕ್ಕೋರ ಕೋಣೆ. ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಅವರ ಹೆಸರು ನನ್ನ ಬಾಯಿಂದ ಬಂದದ್ದು ಒಂದೇ ಸಲ, ಅವರ ಮೇಲೆ ದೂರಿನ ಅರ್ಜಿ ಬರೆಸುವಾಗ. ಇಲ್ಲಿ ಅದನ್ನು ಬರೆಯುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಾನು ಅವರ ಶಿಷ್ಯನಲ್ಲ, ಅಭಿಮಾನಿಯೂ ಅಲ್ಲ. ಅವರು ನಮ್ಮೂರಲ್ಲಿದ್ದಷ್ಟು ದಿನ ನಾವಿಬ್ಬರೂ ವೈರಿಗಳಂತೆಯೇ ಇದ್ದೆವು. ನನ್ನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗ ಬರೆಯುವಾಗಲೂ ಆ ಉರಿ ಪೂರ್ತಿ ಆರಿಲ್ಲ. ನಮಗೆ ಒಳ್ಳೆಯದು ಮಾಡಿದವರ ಬಗ್ಗೆ ಬರೆಯುವವರು ಬಹಳ ಇದ್ದಾರೆ. ನನ್ನೊಡನೆ ಜಗಳವಾಡಿ, ಒಂದು ಮಾತನ್ನೂ ಬಿಟ್ಟುಕೊಡದೆ ಹೋದವರ ಬಗ್ಗೆ ಬರೆಯುವುದು ಹೇಗೋ ನನಗೆ ತಿಳಿಯದು... ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಅವರು ಕಿತ್ತೂರ ಕಡೆಯವರು. ನಮ್ಮೂರಿಗೆ ಬಂದಾಗ ನಲವತ್ತು ದಾಟಿರಬೇಕು. ಮುಂಜಾನೆ ಯರಗಟ್ಟಿಯಿಂದ ಬರುವ ಬಸ್ಸಿನಿಂದ ಇಳಿದು, ಎರಡು ಚೀಲ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಶಾಲೆಯ ಕಡೆ ನಡೆಯುತ್ತಿದ್ದರು. ಒಂದು ಚೀಲದಲ್ಲಿ ಬುತ್ತಿ, ಇನ್ನೊಂದರಲ್ಲಿ ಕಸ. ನಾವು ಕಸ ಎಂದೇ ಅನ್ನುತ್ತಿದ್ದೆವು. ಹಳೆಯ ಲಗ್ನಪತ್ರಿಕೆ, ಬೆಂಕಿಪೊಟ್ಟಣ, ಔಷಧಿ ಬಾಟಲಿಯ ಮುಚ್ಚಳ, ಹರಿದ ಸೀರೆಯ ಅಂಚು, ಉಳ್ಳಾಗಡ್ಡಿ ಸಿಪ್ಪೆ ಕೂಡ ಅದರಲ್ಲಿರುತ್ತಿತ್ತು. ಸಿಹಿ ಮಾತಿನ ಹೆಂಗಸಲ್ಲ. ಮಕ್ಕಳ ಗಲ್ಲ ಹಿಂಡುವುದು, ಮುದ್ದು ಮಾಡುವುದು ಅವರಿಂದ ಆಗುತ್ತಿರಲಿಲ್ಲ. ದೊಡ್ಡವರ ಜೊತೆಗಂತೂ ಕಡ್ಡಿ ಮುರಿದಂತೆ ಮಾತು. ಆದರೂ ಬಸ್ಸು ಬರುವ ಮೊದಲೇ ಮಕ್ಕಳು ಹೋಗಿ ನಿಂತಿರುತ್ತಿದ್ದರು, ಚೀಲದಲ್ಲಿ ಇವತ್ತು ಏನಿದೆ ಎಂದು ನೋಡಲು. ಅದೂ ನನಗೆ ಸೇರುತ್ತಿರಲಿಲ್ಲ.

ಒಂದರಿಂದ ಮೂರನೇ ಇಯತ್ತೆಯವರೆಗೆ ಒಂದೇ ಕೋಣೆ, ಒಬ್ಬರೇ ಅಕ್ಕೋರು. ಮಧ್ಯಾಹ್ನದ ಊಟದ ತನಕ ಅಕ್ಷರ, ಲೆಕ್ಕ. ಊಟವಾದ ಮೇಲೆ ಒಂದು ತಾಸು ಯಾರೂ ಪುಸ್ತಕ ಮುಟ್ಟುವಂತಿಲ್ಲ. ಆ ತಾಸಿನಲ್ಲಿ ಮಕ್ಕಳು ಕತ್ತರಿಸುತ್ತಿದ್ದರು, ಅಂಟಿಸುತ್ತಿದ್ದರು, ಅರಿಷಿಣ, ಹುರಮಂಜಿನ ಕೆಮ್ಮಣ್ಣು, ಬೀಟ್‌ರೂಟಿನ ರಸ ಕಲಸಿ ಗೋಡೆಗೆ ಬಳಿಯುತ್ತಿದ್ದರು. ಮೂಲೆಯಲ್ಲಿ ಎರಡು ಬೆಂಚು ಅಡ್ಡ ಇಟ್ಟು, ಹಗ್ಗಕ್ಕೆ ಒಂದು ಹಳೆಯ ಇಳಕಲ್ ಸೀರೆ ಇಳಿಬಿಟ್ಟು ಅಕ್ಕೋರು ಒಂದು ಜಾಗ ಮಾಡಿಕೊಟ್ಟಿದ್ದರು. ಅದು ಒಂದು ದಿನ ಬಸ್ಸು, ಒಂದು ದಿನ ದವಾಖಾನೆ. ಒಂದು ದಿನ ನವಿಲುತೀರ್ಥದ ಅಣೆಕಟ್ಟು ಆಗಿತ್ತಂತೆ. ಗೇಟು ತೆಗೆದಾಗ ನೀಲಿ ಕಾಗದದ ಚೂರು ಪಡಸಾಲೆ ದಾಟಿ ಹೆಡ್ ಮಾಸ್ತರರ ಟೇಬಲ್ಲಿನ ಕೆಳಗೆ ಹೋಗಿ ನಿಂತವಂತೆ. ಆದರೆ ಹೆಚ್ಚಿನ ದಿನ ಅದು ಮನೆ. ಯಾರು ಏನಾಗಬೇಕು, ಏನು ಆಡಬೇಕು ಎಂದು ಅಕ್ಕೋರು ಹೇಳುತ್ತಿರಲಿಲ್ಲ. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ನೋಡುತ್ತ ಕೂರುತ್ತಿದ್ದರು. ನೋಡುತ್ತ ಕೂರುವುದಕ್ಕೆ ಸರಕಾರ ಪಗಾರ ಕೊಡುತ್ತದೆಯೇ ಎಂದು ನಾನು ಹೋದಲ್ಲೆಲ್ಲ ಕೇಳುತ್ತಿದ್ದೆ.

ಕೇಳುವ ಅಧಿಕಾರವೂ ನನಗಿತ್ತು. ಶಾಲೆಯ ಮೇಲುಸ್ತುವಾರಿ ಸಮಿತಿಗೆ ನಾನಾಗ ಅಧ್ಯಕ್ಷ. ನನ್ನ ಒಬ್ಬಳೇ ಮಗಳು ಆ ವರ್ಷ ಒಂದನೇ ಇಯತ್ತೆ.

ನನಗೆ ಓದು ಹತ್ತಲಿಲ್ಲ. ಏಳನೆಯದಕ್ಕೆ ಬಿಟ್ಟು, ಬೈಲಹೊಂಗಲದಲ್ಲಿ ಮೋಟರ್ ವೈಂಡಿಂಗ್ ಕಲಿತೆ. ಕೈ ಚುರುಕಾಗಿತ್ತು. ಆದರೆ ಮೋಟರಿನ ಮೇಲಿನ ತಗಡಿನ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು ನನಗೆ ಓದಲು ಬರುತ್ತಿರಲಿಲ್ಲ. ಒಮ್ಮೆ ಒಬ್ಬ ಗಿರಾಕಿ, ನನಗಿಂತ ಎಷ್ಟೋ ಚಿಕ್ಕವನು, ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಿ ನಕ್ಕಿದ್ದ. ಆ ನಗು ಮಗಳ ಪಾಲಿಗೆ ಬರಬಾರದು ಎಂಬುದು ನನ್ನ ಹಟ. ಓಣಿಯ ಎರಡು ಮನೆಯ ಮಕ್ಕಳು ಟೈ ಕಟ್ಟಿಕೊಂಡು ಯರಗಟ್ಟಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಅವರ ಪುಸ್ತಕದ ತುಂಬ ಸಾಲು ಸಾಲು ಅಕ್ಷರ. ನನ್ನ ಮಗಳು ಉಗುರಲ್ಲಿ ಹುರಮಂಜು, ತಲೆಗೂದಲಲ್ಲಿ ಅಂಟು ಮೆತ್ತಿಕೊಂಡು ಬರುತ್ತಿದ್ದಳು. ದೀಪಾವಳಿ ಹೊತ್ತಿಗೆ ಅವಳು ತನ್ನ ಹೆಸರು, ಅವ್ವನ ಹೆಸರು, ಮನೆಯ ಡಬ್ಬಿಗಳ ಮೇಲೆ ಬೇಳೆ, ಸಕ್ಕರೆ ಎಂದೆಲ್ಲ ಬರೆಯುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ನಾನು ನೋಡಿದ್ದು ಕೂದಲಲ್ಲಿನ ಅಂಟನ್ನೇ.

ಸಮಿತಿಯ ಸಭೆಯಲ್ಲಿ ಎಲ್ಲರೆದುರು ಕೇಳಿದೆ. ಈ ಹುಡುಗರು ಬರೆಯುವುದು ಯಾವಾಗ, ಮನೆಯಾಟ ಆಡಲು ಶಾಲೆಯೇ ಬೇಕೇ ಎಂದು. ಅಕ್ಕೋರು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಬರಿಯಾಕ ಬೆರಳಿಗೆ ಬಲಾ ಬೇಕ್ರಿ. ತೆಲ್ಯಾಗ ಹೇಳೂದು ಏನರೆ ಇರಬೇಕ್ರಿ. ಅದನ್ನ ಮಾಡಾಕ ಹತ್ತೇನಿ."

ಆಟದಿಂದ ಯಾವನ ತಲೆ ಬೆಳೆದದ್ದನ್ನೂ ನಾನು ಕಂಡಿಲ್ಲ ಎಂದೆ. ಆಗ ತಲೆ ಎತ್ತಿ ನನ್ನನ್ನು ನೋಡಿದರು.

"ನಿಮಗ ಯಾರೂ ಆಡಾಕ ಬಿಟ್ಟಿಲ್ಲಂತ ಕಾಣ್ತದ್ರಿ."

ಸಮಿತಿಯವರು ನಕ್ಕರು. ಅದು ನಿಜವೂ ಆಗಿತ್ತು. ಆರನೇ ವರ್ಷಕ್ಕೆ ನನ್ನ ಕೈಗೆ ಎಮ್ಮೆಯ ಹಗ್ಗ ಬಂದಿತ್ತು, ಎಂಟನೆಯದಕ್ಕೆ ಅಪ್ಪನ ಬಾರುಕೋಲು ಬೆನ್ನಿಗೆ ಬಂದಿತ್ತು. ಇದೆಲ್ಲ ಆ ಹೆಂಗಸಿಗೆ ಹೇಗೆ ಗೊತ್ತಾಯಿತು ಎಂದು ಸಿಟ್ಟು ಬಂತು. ಅವತ್ತಿನಿಂದ ನಾನು ಅವರ ತಪ್ಪು ಹುಡುಕುತ್ತ ತಿರುಗಿದೆ. ಮೊದಮೊದಲು ತಂತಿಯ ಖಾಲಿ ರೀಲು ಕೇಳಿಕೊಂಡು ಅಂಗಡಿಗೆ ಬರುತ್ತಿದ್ದರು, ಮಕ್ಕಳ ಬಂಡಿಗೆ ಗಾಲಿ ಮಾಡಲು. ಆಮೇಲೆ ನಾನು ಅವನ್ನು ಅವರ ಕಣ್ಣೆದುರೇ ರಸ್ತೆಯಲ್ಲಿ ಸುಟ್ಟೆ. ಅವರು ನಿಂತು ನೋಡಿ, ಬಸ್ಸು ಹತ್ತಿದರು. ಮತ್ತೆ ಕೇಳಲಿಲ್ಲ.

ಈಗ ನನ್ನ ಮನೆಯ ಮಾತು ಹೇಳಲೇಬೇಕು. ನಾನು ಕುಡಿಯುವವನಲ್ಲ. ಇಸ್ಪೀಟು ಮುಟ್ಟಿದವನಲ್ಲ. ಊರಲ್ಲಿ ಒಳ್ಳೆಯ ಮನುಷ್ಯ ಎನಿಸಿಕೊಳ್ಳಲು ಇಷ್ಟು ಸಾಕಾಗಿತ್ತು, ನನಗೂ ಸಾಕಾಗಿತ್ತು. ಆದರೆ ಅಂಗಡಿ ಮುಚ್ಚಿ ಬಂದು ತಾಟಿನ ಮುಂದೆ ಕೂತಾಗ ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದರೆ, ರೊಟ್ಟಿ ಆರಿದ್ದರೆ, ಕೆಲವು ದಿನ ಏನೂ ಆಗಿರದಿದ್ದರೂ, ನನ್ನ ಕಾಲು ತಾಟನ್ನು ಒದೆಯುತ್ತಿತ್ತು. ಆಮೇಲೆ ಕೈ ಏಳುತ್ತಿತ್ತು.

ಕಾಲು ಒದೆಯುತ್ತಿತ್ತು, ಕೈ ಏಳುತ್ತಿತ್ತು ಎಂದು ಬರೆದಿದ್ದೇನೆ, ನೋಡಿ. ನಾನು ಒದೆಯುತ್ತಿದ್ದೆ. ನಾನು ಹೆಂಡತಿಯನ್ನು ಹೊಡೆಯುತ್ತಿದ್ದೆ.

ಮಗಳ ಮೈಗೆ ಒಂದು ಸಲವೂ ಕೈ ಹಚ್ಚಿರಲಿಲ್ಲ. ಅವಳು ಕಟ್ಟೆಯ ಮೇಲೆ ಕೂತು, ಪಾಟಿ ಹಿಡಿದುಕೊಂಡು, ಗೋಡೆಯ ಕಡೆ ಮುಖ ಮಾಡಿರುತ್ತಿದ್ದಳು. ಅವಳು ನೋಡುತ್ತಿಲ್ಲ ಎಂದು ನಾನು ತಿಳಿದಿದ್ದೆ.

ಸಂಕ್ರಾಂತಿ ಮುಗಿದ ವಾರ, ಶಾಲೆಯ ಕಂಪೌಂಡಿನ ವಿಷಯ ಮಾತಾಡಲು ಹೆಡ್ ಮಾಸ್ತರರ ಬಳಿ ಹೋಗಿದ್ದೆ. ಅವರು ಹೊರಗೆ ಹೋಗಿದ್ದರು. ಕಾಯುತ್ತ ಪಡಸಾಲೆಯಲ್ಲಿ ಅಡ್ಡಾಡಿದೆ. ಅಕ್ಕೋರ ಕೋಣೆಯ ಕಿಟಕಿ ತೆರೆದಿತ್ತು. ಮಧ್ಯಾಹ್ನದ ಆಟದ ತಾಸು. ನಿಂತು ನೋಡಿದೆ.

ನನ್ನ ಮಗಳು ಸೀರೆಯ ಪರದೆ ಸರಿಸಿ ಒಳಗೆ ಬಂದಳು. ಹೆಗಲ ಮೇಲೆ ಒಂದು ಟಾವೆಲ್, ನಾನು ಹಾಕಿಕೊಳ್ಳುವ ಹಾಗೆ ಎಡಗಡೆಗೆ. ಮೂಗಿನ ಕೆಳಗೆ ಕರಿ ಕಾಗದದ ಮೀಸೆ ಅಂಟಿಸಿಕೊಂಡಿದ್ದಳು. ನನಗೆ ಮೊದಲು ನಗು ಬಂತು. ಅವಳ ಗೆಳತಿಯೊಬ್ಬಳು ಹೆಂಡತಿಯಾಗಿ ಕೂತು ಮಣ್ಣಿನ ರೊಟ್ಟಿ ಬಡಿಯುತ್ತಿದ್ದಳು. ಮಗಳು ಚಪ್ಪಲಿ ಬಿಟ್ಟಂತೆ ಮಾಡಿ, ಮೊಣಕಾಲು ಹಿಡಿದುಕೊಂಡು ಒಂದು ಉಸಿರು ಬಿಟ್ಟು ಕೂತಳು. ಅದು ನನ್ನ ಉಸಿರು. ಗೆಳತಿ ರಟ್ಟಿನ ತಾಟು ತಂದು ಮುಂದಿಟ್ಟಳು. ಮಗಳು ಅದನ್ನು ಒಂದು ಕ್ಷಣ ನೋಡಿ ಕಾಲಿನಿಂದ ತಳ್ಳಿದಳು.

"ಇದನ್ನ ನಾಯಿ ಮೂಸತೈತೇನು?" ಅಂದಳು. ನನ್ನ ಮಾತು. ದನಿ ಇಳಿಸಿ ಹೇಳುವುದೂ ನನ್ನ ಹಾಗೇ.

ಆಮೇಲೆ ಕೈ ಎತ್ತಿದಳು. ಗೆಳತಿಗೆ ಏನು ಮಾಡಬೇಕೋ ತಿಳಿಯಲಿಲ್ಲ, ಕಿಸಿಕಿಸಿ ನಗುತ್ತ ಮುಖ ಮುಚ್ಚಿಕೊಂಡಳು. ಮಗಳು ಆಟ ನಿಲ್ಲಿಸಿ, ತನ್ನ ಸ್ವಂತ ದನಿಯಲ್ಲಿ, ಬಹಳ ತಾಳ್ಮೆಯಿಂದ ಹೇಳಿಕೊಟ್ಟಳು.

"ಹಂಗಲ್ಲ. ಎರಡೂ ಕೈ ತೆಲಿ ಮ್ಯಾಲ ಇಟ್ಕೊಂಡು ಗ್ವಾಡಿ ಕಡೆ ಹೊಳ್ಳಬೇಕು."

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ... ಒಳಗೆ ನುಗ್ಗಿದೆ. ಸೀರೆಯನ್ನು ಹಗ್ಗದ ಸಮೇತ ಕಿತ್ತೆ. ಅಂಟಿನ ಪಾತ್ರೆ ಕಾಲಿಗೆ ಸಿಕ್ಕು ಉರುಳಿತು. ಮಕ್ಕಳು ಚೀರಿಕೊಂಡು ಬಾಗಿಲ ಕಡೆ ಓಡಿದರು. ಮಗಳು ಓಡಲಿಲ್ಲ. ಮೀಸೆ ಕಿತ್ತುಕೊಳ್ಳಲು ನೋಡಿದಳು, ಅಂಟು ಒಣಗಿತ್ತು, ಅರ್ಧ ಹರಿದು ಬಂತು, ತುಟಿಯ ಮೇಲೆ ಕೆಂಪಗಾಯಿತು. ನಾನು ಇನ್ನೂ ಎರಡು ಹೆಜ್ಜೆ ದೂರ ಇರುವಾಗಲೇ ಅವಳು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ಹೊರಳಿದಳು.

ಅಕ್ಕೋರು ನಮ್ಮಿಬ್ಬರ ನಡುವೆ ಬಂದು ನಿಂತರು. ನನ್ನ ಹೆಗಲಿಗೂ ಬಾರದ ಹೆಂಗಸು. ನನ್ನ ಮನೆಯ ಮಾನ ಬೀದಿಗೆ ತರಲು ಮಕ್ಕಳಿಗೆ ಇದನ್ನು ಕಲಿಸುತ್ತೀರಾ ಎಂದು ನಾನು ಕೂಗಾಡಿದೆ. ಅವರು ದನಿ ಏರಿಸಲಿಲ್ಲ.

"ನಾ ಕಲಿಸಿಲ್ರಿ. ಆಕಿ ಕಲತ ಬಂದಾಳ."

ಆ ಸಂಜೆ ಹೆಡ್ ಮಾಸ್ತರರ ಕೋಣೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿದರು. ಹೆಡ್ ಮಾಸ್ತರರಿಗೆ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಅವರಿಗೆ ಗದ್ದಲ ಮುಗಿದರೆ ಸಾಕಾಗಿತ್ತು. ಅಕ್ಕೋರು ಒಂದು ಮಾತು ಕ್ಷಮೆ ಕೇಳಿದರೆ ಮುಗಿಯುತ್ತದೆ ಎಂದರು. ಅಕ್ಕೋರು ಕೇಳಲಿಲ್ಲ. ಬದಲಿಗೆ ನನ್ನ ಮಗಳು ಒಂದು ತಿಂಗಳಿನಿಂದ ಇದೇ ಆಟ ಆಡುತ್ತಿದ್ದಾಳೆ ಎಂದು ಹೇಳಿದರು. ಮೊದಲ ವಾರ ಗಂಡ ಹೊಡೆಯುವುದು, ಹೆಂಡತಿ ಅಳುವುದು, ಅಷ್ಟಕ್ಕೇ ಆಟ ಮುಗಿಯುತ್ತಿತ್ತಂತೆ. ಆಮೇಲೆ ಒಂದು ದಿನ ಹೆಂಡತಿ ಎದ್ದು ಬಸ್ಸು ಹತ್ತಿ ಹೋದಳಂತೆ. ಇನ್ನೊಂದು ದಿನ ಬಾಜೂ ಮನೆಯವರು ಬಂದು ಬಾಗಿಲು ಬಡಿದರಂತೆ.

"ನಿನ್ನೆ ಆ ಗಂಡಸು ತಾನ ತಾಟು ತೊಳದಾನ್ರಿ. ಆಕಿ ಇನ್ನೂ ಏನೋ ಹುಡಕಾಕ ಹತ್ತಾಳ. ಆಡ್ಲಿ ಬಿಡ್ರಿ."

ಇವತ್ತು ಆ ಮಾತು ನನ್ನ ಕಿವಿಯಲ್ಲಿ ಬೇರೆ ಥರ ಕೇಳುತ್ತದೆ. ಅವತ್ತು ಕೇಳಿದ್ದು ಒಂದೇ. ಈ ಹೆಂಗಸು ಒಂದು ತಿಂಗಳಿನಿಂದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನನ್ನ ಅಡುಗೆಮನೆ ನೋಡುತ್ತಿದ್ದಾಳೆ.

ಮರುದಿನದಿಂದ ನಾನು ಮನೆ ಮನೆಗೆ ಹೋದೆ. ನನ್ನ ವಿಷಯ ಹೇಳಲಿಲ್ಲ. ಅಕ್ಕೋರು ನಿಮ್ಮ ಮಕ್ಕಳ ಕೈಯಿಂದ ನಿಮ್ಮ ಮನೆಯ ಗುಟ್ಟು ಆಡಿಸಿ ನೋಡುತ್ತಾರೆ ಎಂದಷ್ಟೇ ಹೇಳಿದೆ. ಜನ ನಗುತ್ತಾರೇನೋ ಎಂದುಕೊಂಡಿದ್ದೆ. ಒಬ್ಬರೂ ನಗಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು ಕೇಳಿದರು, ಅರ್ಜಿ ಎಲ್ಲಿದೆ ಎಂದರು. ಒಂದು ಮನೆಯಲ್ಲಿ ಗಂಡನೂ ಸಹಿ ಹಾಕಿದ, ಅವನ ಬೆನ್ನ ಹಿಂದೆ ನಿಂತಿದ್ದ ಅವನ ಅವ್ವನೂ ಬಂದು ಹೆಬ್ಬೆಟ್ಟು ಒತ್ತಿದಳು. ತಮ್ಮ ಮಕ್ಕಳು ಆ ಮೂಲೆಯಲ್ಲಿ ಏನು ಆಡಿರಬಹುದು ಎಂಬುದು ಒಬ್ಬೊಬ್ಬರಿಗೂ ಗೊತ್ತಿತ್ತು. ಎರಡು ದಿನದಲ್ಲಿ ಕಾಗದ ತುಂಬಿತು. ಸವದತ್ತಿಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಕೊಟ್ಟು ಬಂದೆ.

ವಿಚಾರಣೆಗೆ ಒಬ್ಬ ಸಾಹೇಬರು ಬಂದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಓದಿಸಿದರು. ಎಲ್ಲರೂ ಓದಿದರು. ಮೂರನೇ ಇಯತ್ತೆಯ ಪುಸ್ತಕದಿಂದ ಒಂದು ಪುಟ ತೆಗೆದು ನನ್ನ ಮಗಳ ಮುಂದೆ ಹಿಡಿದರು. ಅವಳು ಒಂದು ಕಡೆಯೂ ನಿಲ್ಲದೆ ಓದಿ ಮುಗಿಸಿದಳು. ನಾನು ಅಲ್ಲಿಯೇ ಕೂತಿದ್ದೆ. ಯಾವುದು ಆಗಲಿ ಎಂದು ನಾನು ಹಗಲಿರುಳು ಬಯಸುತ್ತಿದ್ದೆನೋ ಅದು ನನ್ನ ಕಣ್ಣೆದುರು ಆಗಿತ್ತು, ಮತ್ತು ನನಗೆ ಸಿಟ್ಟು ಬಂದಿತ್ತು. ಆಮೇಲೆ ಸಾಹೇಬರು ಮೆಲ್ಲಗೆ ಕೇಳಿದರು, ಅಕ್ಕೋರು ನಿಮಗೆ ಯಾವ ಆಟ ಆಡಿಸುತ್ತಾರಮ್ಮ ಎಂದು. ಮಗಳು ನನ್ನ ಮುಖ ನೋಡಿದಳು.

"ಏನೂ ಆಡಸೂದಿಲ್ರಿ," ಅಂದಳು.

ಅವಳು ನನ್ನ ಮುಖ ನೋಡಿ ಹೇಳಿದ ಮೊದಲ ಸುಳ್ಳು ಅದು.

ಸಾಹೇಬರು ಅಕ್ಕೋರ ಮೇಲೆ ಏನೂ ಬರೆಯಲಿಲ್ಲ. ಊರವರ ಮನಸ್ಸು ನೋಯಿಸದಂತೆ ನಡೆದುಕೊಂಡು ಹೋಗಿ ಎಂದು ಬಾಯಲ್ಲಿ ಹೇಳಿ ಹೋದರು. ಅಷ್ಟೇ ನನಗೆ ಸಾಕಾಯಿತು. ಆ ಭಾನುವಾರ ಸುಣ್ಣ ಕಲಸಿಕೊಂಡು ನಾನೇ ಶಾಲೆಗೆ ಹೋದೆ. ಗೋಡೆಯ ಮೇಲೆ ಮಕ್ಕಳ ಎದೆಯ ಎತ್ತರಕ್ಕೆ ಸುತ್ತಲೂ ಚಿತ್ರ. ಮೂರು ಕಾಲಿನ ಎತ್ತು, ರೆಕ್ಕೆ ಬಂದ ಟ್ರ್ಯಾಕ್ಟರ್, ಯಾರೋ ಬರೆದ ಹೆಂಗಸಿಗೆ ನಾಲ್ಕು ಕೈ. ಯಾವುದು ನನ್ನ ಮಗಳದು ಎಂದು ಹುಡುಕಲಿಲ್ಲ. ಎರಡು ಸಲ ಸುಣ್ಣ ಹೊಡೆದರೂ ಹುರಮಂಜಿನ ಕೆಂಪು ಒಳಗಿನಿಂದ ಕಾಣುತ್ತಿತ್ತು. ಮೂರನೇ ಸಲ ಹೊಡೆದೆ.

ಅಕ್ಕೋರು ಸೋಲಲಿಲ್ಲ ಎಂದು ಹೇಳಲಾರೆ. ಸೋತರು. ಆದರೆ ನನಗೆ ಖುಷಿಯಾಗುವ ಹಾಗೆ ಸೋಲಲಿಲ್ಲ. ಊಟವಾದ ಮೇಲಿನ ಆ ತಾಸನ್ನು ಅವರು ಬೇರೆ ಯಾವುದಕ್ಕೂ ಕೊಡಲಿಲ್ಲ. ಆಟ ಬೇಡವೆಂದರೆ ಆಟ ಇಲ್ಲ, ಪುಸ್ತಕವೂ ಇಲ್ಲ. ಮಕ್ಕಳು ಬೆಳ್ಳಗಿನ ಗೋಡೆಗಳ ನಡುವೆ ಕೈ ಕಟ್ಟಿಕೊಂಡು ಕೂರುತ್ತಿದ್ದರು, ಅಕ್ಕೋರು ಬಾಗಿಲ ಪಕ್ಕ ಕುರ್ಚಿಯಲ್ಲಿ. ನಾನು ಪಡಸಾಲೆಯಲ್ಲಿ ಹಾದುಹೋದರೆ ನನ್ನನ್ನೇ ನೋಡುತ್ತಿದ್ದರು. ನಮಸ್ಕಾರ ಇಲ್ಲ, ಮಾತಿಲ್ಲ. ಏಪ್ರಿಲ್ ತನಕ ಹೀಗೆ ನಡೆಯಿತು. ಆಮೇಲೆ ತಾವೇ ವರ್ಗಾವಣೆ ಕೇಳಿಕೊಂಡು ರಾಮದುರ್ಗದ ಆಚೆಯ ಒಂದು ಊರಿಗೆ ಹೋದರು.

ಹೋಗುವ ದಿನ ಯರಗಟ್ಟಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ನನ್ನ ಅಂಗಡಿಗೆ ಬಂದರು. ಒಳಗೆ ಬರಲಿಲ್ಲ, ಬಿಸಿಲಲ್ಲೇ ನಿಂತರು. ಅವತ್ತು ಹೆಗಲಲ್ಲಿ ಒಂದೇ ಚೀಲವಿತ್ತು.

"ನಿಮ್ಮ ಮನಿಯಾಕಿಗೆ ಎಲ್ಲಾ ಹೇಳೇನ್ರಿ. ಎಲ್ಲಿ ಹೋಗಬೇಕು, ಯಾರ್ನ ಕೇಳಬೇಕು, ಬರದು ಕೊಟ್ಟೇನಿ. ನಿಮ್ಮ ಮುಂದ ಹೇಳೇ ಹೋಗಬೇಕಂತ ಬಂದೆ."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇಲ್ಲಿ ಬರೆಯಲಾಗದ ಮಾತುಗಳು. ಪೂರ್ತಿ ಕೇಳಿಸಿಕೊಂಡು, ಬಸ್ಸು ಬಂದ ಮೇಲೆ ಹೋದರು. ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ.

ಎರಡು ತಿಂಗಳಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ಮುರಗೋಡಕ್ಕೆ, ತವರಿಗೆ ಹೋದಳು. ಅವತ್ತು ನಾನು ಅವಳನ್ನು ಹೊಡೆದಿರಲೂ ಇಲ್ಲ. ಬೆಳಗಿನ ರೊಟ್ಟಿ ಮಾಡಿಟ್ಟು, ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ ಹೋಗಿದ್ದಳು. ನಾಲ್ಕು ತಿಂಗಳು ಬರಲಿಲ್ಲ. ಅಕ್ಕೋರೇ ನನ್ನ ಮನೆ ಮುರಿದರು ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದೆ. ಕೊನೆಗೆ ಅವಳ ಅಣ್ಣತಮ್ಮಂದಿರು, ಎರಡೂ ಕಡೆಯ ಹಿರಿಯರು ಕೂತು ಮಾತಾಡಿದರು. ಹೆಂಡತಿ ಎಲ್ಲರೆದುರು ಒಂದೇ ಮಾತು ಹೇಳಿದಳು, ಇನ್ನೊಮ್ಮೆ ಕೈ ಎದ್ದರೆ ತವರಿಗೆ ಬರುವುದಿಲ್ಲ, ಸೀದಾ ಠಾಣೆಗೆ ಹೋಗುತ್ತೇನೆ ಎಂದು. ಯಾವ ಕಾಗದ ಬರೆಯಬೇಕು, ಯಾರಿಗೆ ಕೊಡಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಅದು ಯಾರು ಕಲಿಸಿದ ಪಾಠ ಎಂದು ಕೇಳುವ ಅಗತ್ಯವಿರಲಿಲ್ಲ.

ಅಂದಿನಿಂದ ನನ್ನ ಕೈ ಎದ್ದಿಲ್ಲ. ಬದಲಾದ ಮನುಷ್ಯ ಎಂದು ಊರವರು ಹೊಗಳುತ್ತಾರೆ. ನಾನು ಬದಲಾಗಿದ್ದು ಅಂಜಿಕೆಗೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವಳು ಹೆಂಡತಿ, ಅವಳು ಹೊಗಳುವುದಿಲ್ಲ.

ಮಗಳು ಮತ್ತೆ ಅದೇ ಶಾಲೆಗೆ ಹೋದಳು. ಹೊಸ ಮಾಸ್ತರರು ಬಂದಿದ್ದರು, ಪುಟಗಟ್ಟಲೆ ಬರೆಸುತ್ತಿದ್ದರು. ಅಕ್ಷರ ಮುತ್ತಿನಂತೆ. ಪ್ರತಿ ಇಯತ್ತೆಯಲ್ಲೂ ಅವಳೇ ಮೊದಲು. ಓಣಿಯ ಹುಡುಗಿಯರು ಅಂಗಳದಲ್ಲಿ ಮನೆಯಾಟ ಆಡಲು ಕರೆದರೆ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸುತ್ತಿದ್ದಳು. ನಾನು ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು, ಎದುರು ಮಾತಿಲ್ಲ, ಹಟವಿಲ್ಲ, ಇಂಥದು ಬೇಕು ಎಂದು ಕೇಳಿದವಳೂ ಅಲ್ಲ. ಹತ್ತನೆಯದಕ್ಕೆ ಒಳ್ಳೆಯ ಅಂಕ ಬಂದಾಗ ಪೇಢೆ ಹಂಚಿದೆ. ನನ್ನ ಅಂಗಡಿಗೆ ಬಂದ ಮೋಟರಿನ ಪಟ್ಟಿಯನ್ನು ಗಿರಾಕಿಗಳೆದುರು ಓದಿ ಹೇಳುತ್ತಿದ್ದಳು. ನಾನು ಬಯಸಿದ್ದೆಲ್ಲ ಸಿಕ್ಕಿತ್ತು. ಏನು ಹೋಗಿದೆ ಎಂದು ಯಾರಾದರೂ ಕೇಳಿದ್ದರೆ ಬೆರಳು ಮಾಡಿ ತೋರಿಸಲು ನನಗೆ ಆಗುತ್ತಿರಲಿಲ್ಲ...

ಅವಳೀಗ ಬೈಲಹೊಂಗಲದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಶನಿವಾರ ಊರಿಗೆ ಬರುತ್ತಾಳೆ. ಮೂರು ತಿಂಗಳ ಹಿಂದೆ ಒಂದು ಶನಿವಾರ ನನಗೆ ಊಟಕ್ಕೆ ನೀಡುತ್ತ, ರೊಟ್ಟಿ ತಾಟಿಗೆ ಹಾಕಿ, ಸುಮ್ಮನೆ ಹೇಳಿದಳು.

"ಅಕ್ಕೋರು ತೀರಿಕೊಂಡ್ರಪಾ. ತಿಂಗಳಾತು."

ಯಾವ ಅಕ್ಕೋರು ಎಂದು ಕೇಳಿದೆ. ಅವಳು ತಾಟಿಗೆ ಪಲ್ಯ ನೀಡಿದಳು. ಆಮೇಲೆ ಒಂದೊಂದಾಗಿ ತಿಳಿಯಿತು. ಎಂಟನೇ ಇಯತ್ತೆಯಿಂದ ಅವಳು ಅವರಿಗೆ ಪತ್ರ ಬರೆಯುತ್ತಿದ್ದಳು. ವರ್ಷಕ್ಕೊಮ್ಮೆ ಅವ್ವ, ಮಗಳು ಸವದತ್ತಿ ಗುಡ್ಡಕ್ಕೆ ಹೋಗಿ ಬರುತ್ತೇವೆ ಎಂದು ನನಗೆ ಹೇಳಿ, ಗುಡ್ಡದ ದೇವಿಗೆ ಕೈ ಮುಗಿದು, ಅಲ್ಲಿಂದ ರಾಮದುರ್ಗದ ಬಸ್ಸು ಹತ್ತುತ್ತಿದ್ದರು. ಕಡೆಯ ದಿನಗಳಲ್ಲಿ ಅಕ್ಕೋರು ಹಾಸಿಗೆ ಹಿಡಿದಾಗ ಮಗಳು ಎರಡು ವಾರ ಹೋಗಿ ಇದ್ದು, ಅವರ ಮೈ ಒರೆಸಿ, ಗುಳಿಗೆ ಕೊಟ್ಟು ನೋಡಿಕೊಂಡಿದ್ದಳು. ನನಗೆ ಪರೀಕ್ಷೆ ಇದೆ ಎಂದು ಹೇಳಿದ್ದಳು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ, ನನ್ನ ಹೆಂಡತಿ, ನನ್ನ ಮಗಳು... ನನಗೆ ಒಂದು ಸುಳಿವೂ ಸಿಕ್ಕಿರಲಿಲ್ಲ.

ಸಿಟ್ಟು ಬಂತು. ಮಣ್ಣಾದ ಮೇಲೂ ಆ ಹೆಂಗಸು ನನ್ನ ಮನೆಯೊಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ ಅನ್ನಿಸಿತು. ಆ ಸಿಟ್ಟಿನಲ್ಲೇ ಕೇಳಿದೆ, ನನ್ನ ಸುದ್ದಿ ಏನಾದರೂ ಕೇಳುತ್ತಿದ್ದರೇ ಎಂದು. ಮಗಳು ರೊಟ್ಟಿಯ ಬುಟ್ಟಿ ಕೆಳಗಿಟ್ಟಳು.

"ಒಮ್ಮೆ ಕೇಳಿದ್ರು. ನಿಮ್ಮಪ್ಪ ಹೆಂಗದಾನ ಅಂತ. ಈಗ ಬಡಿಯೂದಿಲ್ರಿ ಅಂದೆ. ಅದನ್ನ ಕೇಳಲಿಲ್ಲ ನಾ, ಹೆಂಗದಾನ ಅಂತ ಕೇಳಿದೆ ಅಂದ್ರು."

"ನೀ ಏನಂದಿ?"

"ಗೊತ್ತಿಲ್ರಿ ಅಂದೆ."

ಅದರಲ್ಲಿ ನಂಜಿರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದಳು. ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳಿ, ಬೇಡ ಎಂದ ಮೇಲೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅಕ್ಕೋರನ್ನು ನಾನು ಕ್ಷಮಿಸಿಲ್ಲ. ಬಿಸಿಲಲ್ಲಿ ನಿಂತು ನನ್ನ ಬೈಗುಳ ಕೇಳಿ ಹೋದವರು ನನ್ನನ್ನು ಕ್ಷಮಿಸಿರಲಾರರು, ಅಂಥ ಹೆಂಗಸು ಅವರಲ್ಲ. ಬದುಕಿದ್ದಾಗ ರಾಮದುರ್ಗದ ಬಸ್ಸು ಹತ್ತಿ ಹೋಗಿ ಏನಾದರೂ ಒಂದು ಮಾತು ಹೇಳಬಹುದಿತ್ತು. ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಮತ್ತೆ ಜಗಳವೇ ಆಗುತ್ತಿತ್ತು. ಈಗ ಅದಕ್ಕೂ ಅವರಿಲ್ಲ. ನನ್ನ ಮಗಳು ಆರು ವರ್ಷದವಳಿದ್ದಾಗ ಏನು ಹುಡುಕುತ್ತಿದ್ದಳು ಎಂದು ಕಂಡಿದ್ದವರು ಅವರೊಬ್ಬರೇ.

ಈ ಶನಿವಾರ ಸಂಜೆ ಮಗಳು ಬಂದಿದ್ದಳು. ಅಂಗಡಿಯಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ಅಡುಗೆಮನೆಯಿಂದ ನಗು ಕೇಳಿತು. ದವಾಖಾನೆಯ ದೊಡ್ಡ ನರ್ಸಮ್ಮ ಹೇಗೆ ನಡೆಯುತ್ತಾಳೆ, ಸೂಜಿಗೆ ಅಂಜುವ ಮುದುಕ ಹೇಗೆ ಕೂಗುತ್ತಾನೆ ಎಂದು ಮಗಳು ಅವರವರ ದನಿಯಲ್ಲಿ ಮಾಡಿ ತೋರಿಸುತ್ತಿದ್ದಳು. ಅವಳಿಗೆ ಇದು ಇನ್ನೂ ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಹೆಂಡತಿ ಉಸಿರು ಸಿಕ್ಕಿಕೊಂಡು, ಸಾಕು ಸಾಕು ಎಂದು ನಗುತ್ತಿದ್ದಳು. ನನಗೂ ನೋಡಬೇಕು ಅನ್ನಿಸಿತು. ಒದ್ದೆ ಕಾಲಲ್ಲೇ ಒಳಗೆ ಹೋದೆ.

ಇಬ್ಬರೂ ಸುಮ್ಮನಾದರು. ಮಗಳು ಎದ್ದು ನಿಂತು, ನೀರು ಬೇಕೇನಪಾ ಎಂದು ಕೇಳಿದಳು.

ಹೂಂ ಅಂದೆ. ಕೊಟ್ಟ ನೀರನ್ನು ನಿಂತೇ ಕುಡಿದೆ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕಾದೆ. ಒಳಗಿನಿಂದ ಪಾತ್ರೆಯ ಸದ್ದಷ್ಟೇ ಬರುತ್ತಿತ್ತು.